ಲೈನಿನ ಮೇಲೆ ಹೊರಿಸಿದ ದೂರು

ಮೇಲ್ಮಹಡಿ, ಮುಂದಿನ ಕೋಣೆ, ಕಿಟಕಿಯ ಪಕ್ಕದ ಮೇಜು.
ಸೋಮವಾರ, ಬೆಳಗಿನ ಚಹಾ ಆದ ಮೇಲೆ.

ವಿವರಗಳು:

೧. ಅರಿಕೆದಾರ: ಈ ಮನೆಯ ಯಜಮಾನ, ಅರ್ಜಿಗಳ ನಕಲುಗಾರ, ನಿವೃತ್ತ, ಕೈ ಇನ್ನೂ ನಡುಗುವುದಿಲ್ಲ.

೨. ಅರಿಕೆಯನ್ನು ಸ್ವೀಕರಿಸುವವರು: ಸದರಿ ಯಜಮಾನನ ಹೆಂಡತಿ, ಗಂಟಲಿನ ಶಸ್ತ್ರಚಿಕಿತ್ಸೆಯ ನಿಮಿತ್ತ ಸದ್ಯ ದೊಡ್ಡ ಮಗಳ ಮನೆಯಲ್ಲಿ ವಾಸ.

೩. ತಕರಾರಿನ ವಸ್ತು: ಫೋನಿನ ತಂತಿಗೆ ಜೋಡಿಸಿದ ಮೋಡೆಮ್ ಎಂಬ ಕಪ್ಪು ಪೆಟ್ಟಿಗೆ ಒಂದು, ಅದರ ಮೂಲಕ ಬರಬೇಕಾಗಿದ್ದು ಬಾರದೇ ಇರುವ ಧ್ವನಿ ಒಂದು.

೪. ಎದುರುದಾರರು: ಮೊದಲು ಕೆಳಮನೆಯ ಟೈಲರಮ್ಮ, ತರುವಾಯ ಫೋನ್ ಕಚೇರಿ, ಸದ್ಯಕ್ಕೆ ಯಾರೆಂದು ಬರೆಯದೆ ಜಾಗ ಬಿಡಲಾಗಿದೆ.

೫. ಕೋರಿಕೆ: ಕೊನೆಯಲ್ಲಿ ಬಿನ್ನವಿಸಿಕೊಳ್ಳಲಾಗುವುದು.

ಇವಳೇ,

ಪತ್ರದಲ್ಲಿ ಹೀಗೆ ಕರೆದೆನೆಂದು ನಗಬೇಡ. ಜೀವಮಾನವಿಡೀ ಊರವರ ಪರವಾಗಿ ‘ಮಾನ್ಯರೇ’ ಎಂದೂ ‘ಸನ್ನಿಧಾನಕ್ಕೆ’ ಎಂದೂ ಬರೆದ ಈ ಕೈಗೆ ಸ್ವಂತ ಹೆಂಡತಿಯನ್ನು ಕಾಗದದ ಮೇಲೆ ಸಂಬೋಧಿಸುವ ಸಂದರ್ಭವೇ ಒದಗಿರಲಿಲ್ಲ. ನಾವಿಬ್ಬರೂ ಅಷ್ಟು ದೂರ ಇದ್ದದ್ದಾದರೂ ಯಾವಾಗ? ಮೊದಲು ‘ಪ್ರೀತಿಯ’ ಎಂದು ಬರೆದು ನೋಡಿದೆ. ಯಾರೋ ಕಕ್ಷಿದಾರ ಹೇಳಿ ಬರೆಸಿದಂತೆ ಕಂಡಿತು. ಆ ಹಾಳೆಯನ್ನು ಪಕ್ಕಕ್ಕಿಟ್ಟು, ಅಡುಗೆಮನೆಯ ಕಡೆ ಮುಖ ಮಾಡಿ ಹೇಗೆ ಕೂಗುತ್ತಿದ್ದೆನೋ ಹಾಗೆಯೇ ಬರೆದಿದ್ದೇನೆ.

ಮೊದಲಿಗೆ ನಿನ್ನ ಆರೋಗ್ಯದ ವಿಚಾರ. ನುಂಗುವಾಗಿನ ನೋವು ಇಳಿದಿದೆಯೇ? ನಿದ್ದೆ ಹತ್ತುತ್ತಿದೆಯೇ? ತಲೆ ಎತ್ತರಕ್ಕಿಟ್ಟು ಮಲಗಬೇಕೆಂದು ಡಾಕ್ಟರು ಹೇಳಿದ್ದರಲ್ಲ, ಅದಕ್ಕೆ ತಕ್ಕ ದಿಂಬು ಕೊಟ್ಟಿದ್ದಾರೆಯೇ? ಅಳಿಯನ ಮನೆಯ ದಿಂಬುಗಳು ಅಂಚೆಗೆ ಹಾಕುವ ಲಕೋಟೆಯಷ್ಟು ಚಪ್ಪಟೆ ಎಂಬುದನ್ನು ನಾನು ಖುದ್ದು ಮಲಗಿ ಬಲ್ಲೆ. ಈ ಪ್ರಶ್ನೆಗಳನ್ನೆಲ್ಲ ಫೋನಿನಲ್ಲಿ ಕೇಳಿದ್ದೇನೆ, ದೊಡ್ಡವಳು ಒಂದೊಂದಕ್ಕೂ ಉತ್ತರವನ್ನೂ ಕೊಟ್ಟಿದ್ದಾಳೆ. ಆದರೆ ಒಬ್ಬರ ಪರವಾಗಿ ಇನ್ನೊಬ್ಬರು ಕೊಟ್ಟ ಹೇಳಿಕೆಯನ್ನು ನಾನು ಎಂದೂ ಪೂರ್ತಿ ನಂಬಿದವನಲ್ಲ. ಅದು ನಿನಗೆ ತಿಳಿಯದ್ದೇನಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ನೀನು ಹೋದ ಮೇಲೆ ಗ್ಯಾಸ್ ಸಿಲಿಂಡರ್ ಎರಡು ಸಲ ಬದಲಾಯಿತು. ಚಿಕ್ಕವನು ಬಸ್ ಡಿಪೋದ ಕೆಲಸ ಮುಗಿಸಿ ಬಂದು ಅಡುಗೆ ಮಾಡುತ್ತಾನೆ. ಇಂಜಿನ್ ಬಿಚ್ಚಿದ ಕೈಯಲ್ಲಿ ಒಲೆಯ ಮುಂದೆ ನಿಂತರೆ ಅಡುಗೆಯೂ ರಿಪೇರಿಯಂತೆಯೇ ಆಗುತ್ತದೆ. ಮುಚ್ಚಳ ತೆಗೆಯುತ್ತಾನೆ, ಇಣುಕುತ್ತಾನೆ, ತಲೆ ಅಲ್ಲಾಡಿಸುತ್ತಾನೆ. ಉಪ್ಪು ಕಡಿಮೆ ಎಂದರೆ ‘ನಾಳೆ ಸರಿಮಾಡ್ತೀನಿ ಅಪ್ಪಾ’ ಎನ್ನುತ್ತಾನೆ. ಊಟಕ್ಕೂ ನಾಳೆಯ ವಾಯಿದೆ! ನಿನ್ನ ಬಾಲ್ಕನಿಯ ಬಳ್ಳಿಗೆ ನಾನೇ ನೀರು ಹಾಕುತ್ತಿದ್ದೇನೆ. ಅದು ಚಿಗುರಿದೆ. ನೀನಿದ್ದಾಗ ಚಿಗುರದಿದ್ದದ್ದು ಈಗ ಏಕೆ ಚಿಗುರಿತೆಂದು ಅದರ ಮೇಲೂ ನನಗೆ ಸ್ವಲ್ಪ ಗುಮಾನಿ ಇದೆ.

ಇನ್ನು ಮುಖ್ಯ ವಿಷಯ. ನೀನು ಹೊರಡುವಾಗ ಬಾಗಿಲಲ್ಲಿ ನಿಂತು, ‘ರೀ, ಒಲೆ ಆರಿಸಿದ್ದೀರೋ ಇಲ್ವೋ ಒಂದ್ಸಲ ನೋಡ್ಬಿಡಿ’ ಎಂದೆ. ಧ್ವನಿ ಆಗಲೇ ಒಡೆದಿತ್ತು. ಹರಿದ ಪರದೆಯ ಹಿಂದಿನಿಂದ ಬಂದಂತೆ ಬಂತು. ಆದರೂ ಮಾತು ನಿನ್ನದೇ. ಅದಾದ ಮೇಲೆ ನಿನ್ನ ಬಾಯಿಂದ ಒಂದೇ ಒಂದು ‘ರೀ’ ನನ್ನ ಕಿವಿಗೆ ಬಿದ್ದಿಲ್ಲ. ಸಣ್ಣ ಆಪರೇಷನ್, ಸ್ವಲ್ಪ ದಿನ ಮಾತು ಬೇಡ, ಆಮೇಲೆ ಎಲ್ಲ ಮೊದಲಿನಂತೆ ಎಂದು ನನಗೆ ತಿಳಿಸಲಾಗಿತ್ತು. ಆ ಸ್ವಲ್ಪ ದಿನಗಳು ಕಳೆದು ಬಹಳ ದಿನವಾಯಿತು. ನೀನು ಮಾತಾಡುತ್ತಿದ್ದೀಯೋ ಇಲ್ಲವೋ, ಮಾತಾಡುತ್ತಿದ್ದರೆ ಅದು ಎಲ್ಲಿ ಕಳೆದುಹೋಗುತ್ತಿದೆ ಎಂಬುದೊಂದೇ ನನ್ನ ಪ್ರಶ್ನೆ.

ಸಂಜೆ ದೊಡ್ಡವಳು ಕರೆ ಮಾಡುತ್ತಾಳೆ. ನಮ್ಮ ಮುಂದಿನ ಕೋಣೆಯ ದಪ್ಪ ಗೋಡೆಗಳೊಳಗೆ ಮೊಬೈಲಿನ ಸಿಗ್ನಲ್ ಬರುವುದಿಲ್ಲವಾದ್ದರಿಂದ ಹಳೆಯ ಫೋನಿನ ತಂತಿಗೇ ಚಿಕ್ಕವನು ಈ ಮೋಡೆಮ್ ಹಾಕಿಸಿದ್ದು ನಿನಗೆ ಗೊತ್ತು. ಅವನು ಮೊಬೈಲನ್ನು ನನ್ನ ಮಸಿಕುಡಿಕೆಗೆ ಒರಗಿಸಿ ಇಡುತ್ತಾನೆ. ನಿನ್ನ ಮುಖ ಮೂಡುತ್ತದೆ, ಮೂಡಿದಂತೆಯೇ ಚೌಕ ಚೌಕವಾಗಿ ಒಡೆಯುತ್ತದೆ. ಹಣೆ ಒಂದು ಕಡೆ ನಿಂತರೆ ಗಲ್ಲ ಇನ್ನೊಂದು ಕಡೆ. ದೊಡ್ಡವಳು ಡಬ್ಬಿಯೊಳಗಿಂದ ಕೂಗಿದಂತೆ, ‘ಅಪ್ಪಾ, ಅಮ್ಮ ಮಾತಾಡ್ತಾನೇ ಇದಾಳೆ, ನಿಮ್ಮ ಕಡೆ ಲೈನ್ ಸರಿಯಿಲ್ಲ, ಕೇಳಿಸ್ತಿಲ್ಲ ಅಷ್ಟೆ’ ಎನ್ನುತ್ತಾಳೆ. ಅಲ್ಲಿಗೆ ಕಡಿಯುತ್ತದೆ. ಚಿಕ್ಕವನು ಹಿಂದಿನಿಂದ, ‘ಹೌದಪ್ಪಾ, ಲೈನ್ ಹಾಳಾಗಿದೆ’ ಎಂದು ದನಿಗೂಡಿಸುತ್ತಾನೆ. ಇಬ್ಬರು ಸಾಕ್ಷಿಗಳು ಒಂದೇ ವಾಕ್ಯ ಹೇಳಿದಾಗ ನಾನು ತಲೆ ಎತ್ತಿ ನೋಡಬೇಕಾಗಿತ್ತು. ನೋಡಲಿಲ್ಲ. ಲೈನನ್ನೇ ನೋಡಿದೆ.

ಪೆಟ್ಟಿಗೆಯ ಮೇಲೆ ಸಾಲಾಗಿ ಹಸಿರು ದೀಪಗಳಿವೆ. ಮನೆಯಲ್ಲಿ ಯಾರೂ ಫೋನು ಮುಟ್ಟದಿರುವಾಗಲೂ ಅವು ಮಿಟುಕುತ್ತವೆ. ನಾವು ಸುಮ್ಮನಿರುವಾಗ ಇದು ಯಾರ ಜೊತೆ ಮಾತಾಡುತ್ತಿದೆ? ನಮ್ಮ ಮನೆಯ ಮಾತನ್ನು ಯಾರಿಗೆ ಒಪ್ಪಿಸುತ್ತಿದೆ? ಆದ್ದರಿಂದ ಕರೆ ಮುಗಿದ ಕೂಡಲೇ ಅದರ ಸ್ವಿಚ್ಚನ್ನು ಆರಿಸುವುದು, ಸಂಜೆಯಾಗುತ್ತಲೇ ಹಾಕುವುದು, ಚಿತ್ರ ಒಡೆದರೆ ಇನ್ನೊಮ್ಮೆ ಆರಿಸಿ ಹಾಕುವುದು, ಇದನ್ನು ಪದ್ಧತಿ ಮಾಡಿಕೊಂಡೆ. ಫಲವೆಂದರೆ ದಿನದಿಂದ ದಿನಕ್ಕೆ ನಿನ್ನ ಮುಖ ಇನ್ನೂ ದೊಡ್ಡ ಚೌಕಗಳಾಗಿ ಒಡೆಯತೊಡಗಿತು.

ಆಗ ಕೆಳಮನೆಯ ಮೇಲೆ ನನ್ನ ಕಣ್ಣು ಬಿತ್ತು. ಟೈಲರಮ್ಮ ಹೊಲಿಗೆ ಯಂತ್ರಕ್ಕೆ ಮೋಟರ್ ಕೂಡಿಸಿಕೊಂಡಿದ್ದಾಳಷ್ಟೆ. ಅದು ಗುರ್ರೆಂದಾಗಲೆಲ್ಲ ನೀನು ಒಡೆಯುತ್ತೀ, ಅದು ನಿಂತಾಗ ನೀನು ತುಸು ಕೂಡಿಕೊಳ್ಳುತ್ತೀ. ಕಿಟಕಿಯಿಂದ ಬಗ್ಗಿ ನೋಡಿ, ಕಿವಿಗೊಟ್ಟು, ಖಚಿತಪಡಿಸಿಕೊಂಡೆ. ನಮ್ಮ ತಂತಿಯಿಂದ ಆಕೆ ಗುಟ್ಟಾಗಿ ಎಳೆದುಕೊಳ್ಳುತ್ತಿದ್ದಾಳೆಂದು ಫೋನ್ ಕಚೇರಿಗೆ ಅರ್ಜಿ ಬರೆದೆ. ‘ಮೇಲ್ಕಂಡ ವಿಳಾಸದ ನೆಲಮಹಡಿಯ ನಿವಾಸಿಯು ಅರ್ಜಿದಾರನ ಅರಿವಿಗೆ ಬಾರದಂತೆ’ ಎಂದು ಆರಂಭಿಸಿದ ಆ ಅರ್ಜಿ ನನ್ನ ಒಳ್ಳೆಯ ದಿನಗಳ ಬರವಣಿಗೆಗೆ ಏನೂ ಕಡಿಮೆಯಿರಲಿಲ್ಲ. ಹೊಡೆದು ಬರೆದದ್ದು ಒಂದೂ ಇಲ್ಲ.

ಫೋನ್ ಕಚೇರಿಯವರು ಮೊದಲು ಆಕೆಯ ಬಾಗಿಲನ್ನೇ ತಟ್ಟಿದರು. ಅಳತೆಯ ಟೇಪು ಕುತ್ತಿಗೆಯಲ್ಲಿರುವಂತೆಯೇ ಆಕೆ ಮೆಟ್ಟಿಲು ಹತ್ತಿ ಬಂದಳು. ‘ಏನ್ ಯಜಮಾನ್ರೇ, ನಿಮ್ಮ ಲೈನ್ ಕದ್ದು ನಾನೇನ್ ಮಾಡ್ಲಿ? ಅದಕ್ಕೂ ಗುಂಡಿ ಕಾಜಾ ಹೊಲೀಲಾ? ಅಮ್ಮಾವ್ರು ಇದ್ದಿದ್ರೆ ನಿಮ್ಮ ಪೆನ್ನು ಕಿತ್ಕೋತಿದ್ರು!’ ವಿಚಾರಣೆಯಲ್ಲಿರುವ ವಿಷಯದ ಬಗ್ಗೆ ಮೆಟ್ಟಿಲ ಮೇಲೆ ಚರ್ಚಿಸುವುದು ಸರಿಯಲ್ಲ. ಆದರೆ ಒಂದನ್ನು ಗಮನಿಸಿದೆ. ‘ಅಮ್ಮಾವ್ರು’ ಎಂದ ಕೂಡಲೇ ಆಕೆಯ ಸಿಟ್ಟು ಅರ್ಧಕ್ಕೇ ಇಳಿದು, ಇನ್ನೇನೋ ಹೇಳಹೊರಟವಳು ಹಾಗೆಯೇ ತಿರುಗಿ ಇಳಿದುಹೋದಳು. ಜಗಳಕ್ಕೆ ಬಂದ ಹೆಂಗಸು ಗೆದ್ದ ಜಗಳವನ್ನು ಬಿಟ್ಟು ಹೋಗುವುದುಂಟೇ?

ಕಚೇರಿಯಿಂದ ಬಂದದ್ದೂ ಒಬ್ಬ ಹೆಂಗಸೇ. ಹೆಗಲಿಗೆ ಏಣಿ, ಸೊಂಟಕ್ಕೆ ಉಪಕರಣಗಳ ಚೀಲ. ಗುರುತಿನ ಚೀಟಿ ಕೇಳಿದೆ, ಕೊಟ್ಟಳು. ಫೋಟೋವನ್ನೂ ಮುಖವನ್ನೂ ಎರಡು ಸಲ ತಾಳೆ ನೋಡಿದೆ. ‘ಫೋಟೋ ಮದುವೆಗೆ ಮುಂಚಿನದು ಯಜಮಾನ್ರೇ. ಆಮೇಲೆ ಗಂಡ ಚೆನ್ನಾಗಿ ಅಡುಗೆ ಮಾಡ್ದ’ ಎಂದಳು. ಒಳಗೆ ಬಿಟ್ಟೆ. ತಂತಿಯನ್ನು ಹಿಡಿದು ಪೆಟ್ಟಿಗೆಯಿಂದ ಹಿಂದಕ್ಕೆ ಹೋಗುತ್ತ ಕಿಟಕಿಯ ಚೌಕಟ್ಟಿನ ಹತ್ತಿರ ನಿಂತಳು. ‘ಇದೇನಿದು?’

ಅದು ನನ್ನ ಮೊಹರು. ಕಿಟಕಿಗೆ ಬಣ್ಣ ಬಳಿಸಿದಾಗ ಬಣ್ಣದವನು ಎಳೆದ ರಭಸಕ್ಕೆ ತಂತಿ ಕಿತ್ತುಬಂದಿತ್ತಲ್ಲ. ಅವನೇ ಟೇಪು ಸುತ್ತಿ ಹೋಗಿದ್ದ. ಅಂಟುವ ಟೇಪಿಗೇನು, ಯಾರು ಬೇಕಾದರೂ ಬಿಚ್ಚಿ ಮತ್ತೆ ಸುತ್ತಬಹುದು, ಕಂಡುಹಿಡಿಯುವುದು ಹೇಗೆ? ಹಾಗಾಗಿ ನಾನೇ ಅದನ್ನು ಬಿಚ್ಚಿ, ತುದಿಗಳನ್ನು ಹೊಸೆದು, ದಾಖಲೆಯ ಕಟ್ಟಿಗೆ ಹಾಕುವಂತೆ ಮೇಲೆ ಕೆಂಪು ಅರಗನ್ನು ಕರಗಿಸಿ ಸುರಿದು, ಬಿಸಿಯಿರುವಾಗಲೇ ಟ್ರಂಕಿನ ಬೀಗದ ಕೈಯ ಹಿಡಿಯನ್ನು ಒತ್ತಿದ್ದೆ. ಯಾರೇ ಮುಟ್ಟಿದರೂ ಮೊಹರು ಒಡೆಯಬೇಕು. ಅಂದಿನವರೆಗೂ ಒಡೆದಿರಲಿಲ್ಲ. ಇದನ್ನು ವಿವರಿಸಿದಾಗ ಆಕೆ ಏಣಿಯ ಮೇಲೇ ಕೂತು ನಕ್ಕಳು. ‘ಯಜಮಾನ್ರೇ, ಇದು ಫೋನ್ ಲೈನೋ, ರಿಜಿಸ್ಟರ್ ಪಾರ್ಸಲ್ಲೋ? ನಿಮ್ಮ ಲೈನಿಗೆ ಕಳ್ಳ ಬಂದಿಲ್ಲ. ಕಾವಲುಗಾರನೇ ಕತ್ತು ಹಿಸುಕಿದಾನೆ.’ ಅರಗು ಒಡೆದು ತೋರಿಸಿದಳು. ಬಿಸಿಗೆ ತಂತಿಯ ಹೊದಿಕೆ ಕರಗಿ ಎರಡು ಎಳೆಗಳು ಮೈಗೆ ಮೈ ತಾಗುವಷ್ಟು ಹತ್ತಿರ ಬಂದಿದ್ದವು. ಹೊಸೆದ ತಾಮ್ರಕ್ಕೆ ಹಸಿರು ಕಿಲುಬು ಹತ್ತಿತ್ತು. ಗಟ್ಟಿಯಾದ ಜೋಡಣೆಯಿದ್ದರೆ ಟೈಲರಮ್ಮನ ಮೋಟರಿನ ಗದ್ದಲ ಒಳಗೆ ಸೇರುವುದಿಲ್ಲವಂತೆ. ಇಂಥ ಜೋಡಣೆಯಲ್ಲಿ ಸೇರುತ್ತದೆಯಂತೆ. ಅಂದರೆ ಮೋಟರಿನ ಮೇಲಿನ ನನ್ನ ಸಂದೇಹ ತೀರಾ ನಿರಾಧಾರವಾಗಿರಲಿಲ್ಲ ಎಂಬುದನ್ನು ನೀನು ದಯವಿಟ್ಟು ಗಮನಕ್ಕೆ ತೆಗೆದುಕೊಳ್ಳತಕ್ಕದ್ದು.

ಆದರೆ ವೇಗ ಏಕೆ ಇಳಿಯಬೇಕು? ತಂತಿ ಕೂಡಿದ್ದರೆ ಬರಬೇಕು, ಕಡಿದಿದ್ದರೆ ನಿಲ್ಲಬೇಕು. ಇದು ಅರ್ಧ ಬರುವುದು ಎಲ್ಲಿಯ ನ್ಯಾಯ? ಇದಕ್ಕೆ ಆಕೆ ಕೊಟ್ಟ ವಿವರಣೆಯನ್ನು ನಾನು ಅಡ್ಡಪ್ರಶ್ನೆ ಹಾಕಿ ಹಾಕಿ ಪಡೆದೆ. ನಮ್ಮ ಪೆಟ್ಟಿಗೆಗೆ ಬೀದಿಯ ತಿರುವಿನ ಕಬ್ಬಿಣದ ಕಪಾಟಿನಲ್ಲಿ ಒಂದು ಜೊತೆಗಾರ ಪೆಟ್ಟಿಗೆ ಇದೆ. ಸ್ವಿಚ್ ಹಾಕಿದ ಕೂಡಲೇ ಇವೆರಡೂ ಕೆಲಸ ಆರಂಭಿಸುವುದಿಲ್ಲ. ಮೊದಲು ಒಂದು ಇನ್ನೊಂದಕ್ಕೆ ಇಬ್ಬರಿಗೂ ಗೊತ್ತಿರುವ ಸದ್ದುಗಳನ್ನು ಕಳಿಸಿ, ಎಷ್ಟು ಸ್ಪಷ್ಟವಾಗಿ ಮುಟ್ಟಿತು ಎಂದು ಕೇಳುತ್ತದೆ. ಒಂದೇ ತಂತಿಯೊಳಗೆ ಸಣ್ಣ ಸಣ್ಣ ಓಣಿಗಳು ನೂರಾರು. ಯಾವ ಓಣಿಯಲ್ಲಿ ನಿಶ್ಶಬ್ದವೋ ಅಲ್ಲಿ ಹೊರೆ ಹೆಚ್ಚು, ಗದ್ದಲವಿದ್ದಲ್ಲಿ ಕಡಿಮೆ, ತೀರಾ ಗದ್ದಲವಿದ್ದರೆ ಆ ಓಣಿಯೇ ಖಾಲಿ. ನಡುವೆ ಗದ್ದಲ ಹೆಚ್ಚಿದರೆ ಹೊರೆಯನ್ನು ಈ ಓಣಿಯಿಂದ ಆ ಓಣಿಗೆ ವರ್ಗಾಯಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಒಮ್ಮೆ ನಿಂತು, ಮೊದಲಿನಿಂದ ಪರೀಕ್ಷೆ ಮಾಡಿ, ಕಡಿಮೆ ವೇಗಕ್ಕೆ ಒಪ್ಪಂದ ಮಾಡಿಕೊಳ್ಳುತ್ತದೆ. ‘ಲೈನ್ ಎಷ್ಟು ತಾಳುತ್ತೋ ಅಷ್ಟೇ ಕಳಿಸುತ್ತೆ ಯಜಮಾನ್ರೇ. ಜಾಸ್ತಿ ಕಳಿಸಿ ತಪ್ಪು ಮುಟ್ಟಿಸೋದಕ್ಕಿಂತ ನಿಧಾನವಾಗಿ ಸರಿಯಾಗಿ ಮುಟ್ಟಿಸೋದು ಮೇಲು ಅಂತ.’

ಇವಳೇ, ಇದನ್ನು ಕೇಳಿ ನನಗೆ ನಾನು ಅರ್ಜಿ ಬರೆಯುತ್ತಿದ್ದ ಕಚೇರಿಯ ಜಗಲಿಯೇ ಕಣ್ಣಿಗೆ ಕಟ್ಟಿತು. ನಾನು ನಕಲು ಮಾಡುವಾಗ ಕರಡನ್ನು ಓದಿ ಹೇಳುತ್ತಿದ್ದವನಿದ್ದನಲ್ಲ, ಧ್ವನಿಗಾಗಿ ನಾವೆಲ್ಲ ‘ಗಂಟೆ’ ಎಂದು ಕರೆಯುತ್ತಿದ್ದವನು, ನಿನ್ನ ಚಹಾವನ್ನು ಹೊಗಳಿ ಎರಡನೆಯ ಲೋಟ ಗಿಟ್ಟಿಸುತ್ತಿದ್ದವನು. ಬೆಳಗ್ಗೆ ಕೂರುತ್ತಲೇ ಅವನು ನನಗೆ ಬಾಯಿಪಾಠವಾಗಿದ್ದ ಎರಡು ವಾಕ್ಯ ಓದಿ, ‘ಕೇಳಿಸ್ತಾ?’ ಎನ್ನುತ್ತಿದ್ದ. ಟೈಪ್‌ರೈಟರುಗಳು ಸುಮ್ಮನಿದ್ದರೆ ಉದ್ದ ವಾಕ್ಯವನ್ನೇ ಒಂದೇ ಉಸಿರಿಗೆ ಹೇಳುವನು. ಅವು ಕುಟ್ಟತೊಡಗಿದರೆ ಅರ್ಧರ್ಧ ವಾಕ್ಯ. ರಸ್ತೆಯಲ್ಲಿ ಲಾರಿ ನಿಂತು ಹಾರನ್ ಹೊಡೆದರೆ ಒಂದೊಂದೇ ಪದ, ನಾನು ‘ಹೂಂ’ ಎಂದ ಮೇಲೆ ಮುಂದಿನದು. ವೇಗ ಇಳಿಸಿದ್ದುಂಟು, ಪದ ಬಿಟ್ಟದ್ದಿಲ್ಲ. ಕಕ್ಷಿದಾರನಿಗೆ ಎಷ್ಟೇ ಕಹಿಯಾದ ಸಾಲಿದ್ದರೂ ಅವನು ದಾಟಿಸಿ ಓದಿದವನಲ್ಲ. ಮೋಡೆಮ್ ಎಂಬುದೂ ಅಂಥದೇ ಮರ್ಯಾದಸ್ಥ ಓದುಗಾರನೆಂದು ತಿಳಿದು ಅದರ ಮೇಲಿನ ನನ್ನ ಅಭಿಪ್ರಾಯ ತುಸು ಬದಲಾಯಿತು.

ಆದರೆ ತಕ್ಷಣವೇ ಒಂದು ಸಂಶಯ ಹುಟ್ಟಿತು. ಕೇಳಿಯೂ ಬಿಟ್ಟೆ. ಚಿತ್ರ ಒಡೆಯುವುದು ಸರಿ, ಮಾತೇಕೆ ಬರುವುದಿಲ್ಲ? ಆಕೆ ಜೋಡಣೆಗೆ ಹೊಸ ಕನೆಕ್ಟರ್ ಒತ್ತುತ್ತ, ‘ಮಾತಿಗೇನು, ಬೆರಳಷ್ಟು ಜಾಗ ಸಾಕು. ದಾರಿ ಕಿರಿದಾದ್ರೆ ಮೊದಲು ಚಿತ್ರ ಹೋಗುತ್ತೆ, ಮಾತು ಹೋಗೋದು ಎಲ್ಲಕ್ಕಿಂತ ಕೊನೇಲಿ’ ಎಂದಳು. ಹಾಗಾದರೆ ಅದೇ ಫೋನಿನಲ್ಲಿ, ಅದೇ ಕೋಣೆಯಿಂದ, ಮಗಳ ಮಾತು ಬರುತ್ತದೆ, ಹೆಂಡತಿಯ ಮಾತು ಮಾತ್ರ ಬರುವುದಿಲ್ಲ, ಇದು ಹೇಗೆ ಎಂದೆ. ಅಷ್ಟು ಹೊತ್ತು ಬಾಯಿಗೆ ಬಿಡುವು ಕೊಡದಿದ್ದವಳು ನನ್ನ ಮುಖ ನೋಡಿದಳು, ಚೀಲದ ಜಿಪ್ ಎಳೆದಳು, ‘ಅದು… ಆ ಕಡೆ ಕೇಳ್ಬೇಕು ಯಜಮಾನ್ರೇ’ ಎಂದಳು. ನಗಲಿಲ್ಲ.

ಹೊರಡುವ ಮೊದಲು ಇನ್ನೊಂದು ಕೇಳಿದಳು: ‘ದಿನಾ ಆಫ್ ಮಾಡ್ತೀರಾ?’ ಮಾಡುತ್ತೇನೆ ಎಂದೆ. ‘ಅಲ್ಲೇ ಎಡವಟ್ಟು. ನೀವು ಸ್ವಿಚ್ ಒತ್ತಿದ್ದು ಅಂತ ಆ ಕಡೆಯದಕ್ಕೆ ಗೊತ್ತಾಗಲ್ಲ, ಲೈನ್ ಕಡಿದುಹೋಯ್ತು ಅಂದ್ಕೊಳ್ಳುತ್ತೆ. ಪದೇ ಪದೇ ಹೀಗಾದ್ರೆ ಈ ಲೈನ್ ನಂಬೋ ಹಾಗಿಲ್ಲ ಅಂತ ವೇಗ ಇಳಿಸಿ ಕೂತ್ಬಿಡುತ್ತೆ. ಒಂದ್ಸಲ ಅನುಮಾನ ಬಂತೂ ಅಂದ್ರೆ ಲೈನ್ ರಿಪೇರಿ ಮಾಡಿದ್ರೂ ಬೇಗ ನಂಬಲ್ಲ, ಕೆಲವು ದಿನ ನೋಡ್ತಾ ಇರುತ್ತೆ. ಮುಟ್ಟದೆ ಬಿಡಿ, ತಾನಾಗೇ ಏರುತ್ತೆ.’ ಎರಡು ತುದಿಯಲ್ಲೂ ಒಬ್ಬರನ್ನೊಬ್ಬರು ನಂಬದ ಎರಡು ಜೀವಗಳು ಕೂತಿದ್ದವೆಂದಾಯಿತು. ಅದರ ಸ್ವಭಾವವನ್ನು ನಾನು ದೂರುವಂತಿರಲಿಲ್ಲ.

ಸಂಜೆ ಚಿಕ್ಕವನಿಗೆ ಸಂಗತಿ ತಿಳಿಸಿದೆ. ಹಿಗ್ಗುತ್ತಾನೆಂದುಕೊಂಡಿದ್ದೆ. ಅವನು ಕೈಯಲ್ಲಿದ್ದ ಟಿಫಿನ್ ಡಬ್ಬಿಯನ್ನು ಕೆಳಗಿಡದೆ, ‘ನಿಜವಾಗ್ಲೂ ಸರಿಮಾಡ್ಬಿಟ್ರಾ? ಪೂರ್ತಿ?’ ಎಂದ. ಬಸ್ಸಿನ ಬ್ರೇಕು ಸರಿಹೋಯಿತೆಂದರೆ ಬೇಸರಪಡುವ ಮೆಕ್ಯಾನಿಕ್ಕನ್ನು ನೀನು ಕಂಡಿದ್ದೀಯಾ? ಅಂದಿನಿಂದ ಅವನ ಮೇಲೆ ಒಂದು ಕಣ್ಣಿಟ್ಟೆ. ಪೆಟ್ಟಿಗೆಯನ್ನು ನಾನು ಮುಟ್ಟಲಿಲ್ಲ. ಆದರೂ ಚಿತ್ರ ಒಂದು ದಿನ ತಿಳಿಯಾದರೆ ಮರುದಿನ ಮತ್ತೆ ಒಡೆಯಿತು. ಕಾರಣ ಗುರುವಾರ ಸಿಕ್ಕಿತು. ಡಿಪೋದಿಂದ ಬಂದವನು ಕೈಕಾಲು ತೊಳೆಯುವ ಮೊದಲೇ ಪೆಟ್ಟಿಗೆಯ ಹಿಂದೆ ಕೈ ಹಾಕಿದ್ದ. ಏನೋ ಅದು ಎಂದೆ. ‘ಧೂಳು ಒರೆಸ್ತಿದ್ದೆ ಅಪ್ಪಾ’ ಎಂದ. ಆ ಮಹಾಶಯ ಹುಟ್ಟಿದಂದಿನಿಂದ ಈ ಮನೆಯಲ್ಲಿ ಧೂಳು ಒರೆಸಿದ್ದನ್ನು ನಾನಾಗಲೀ ನೀನಾಗಲೀ ಕಂಡವರಲ್ಲ. ಆವತ್ತಿನಿಂದ ನನ್ನ ಕುರ್ಚಿಯನ್ನು ಸ್ವಿಚ್ಚಿನ ಪಕ್ಕಕ್ಕೆ ಎಳೆದುಕೊಂಡಿದ್ದೇನೆ.

ನಿನ್ನೆ ಭಾನುವಾರ ಸಂಜೆಯವರೆಗೆ ಕಾಯಲಿಲ್ಲ. ಚಿಕ್ಕವನು ಕ್ಷೌರಕ್ಕೆ ಹೋಗಿದ್ದಾಗ, ಮಧ್ಯಾಹ್ನ, ನಾನೇ ಕರೆ ಮಾಡಿದೆ. ಕೆಳಗೆ ಮೋಟರ್ ಓಡುತ್ತಲೇ ಇತ್ತು, ಆದರೂ ಚಿತ್ರ ಕನ್ನಡಿಯಂತೆ ಬಂತು. ದೊಡ್ಡವಳ ಮೂಗಿನ ಬೆವರು ಸಹ ಕಂಡಿತು. ಅವಳ ಹಿಂದೆ ನೀನು ಕಿಟಕಿಯ ಬಳಿ ದಿಂಬಿಗೆ ಒರಗಿದ್ದೆ. ಫ್ಯಾನು ತಿರುಗುವಾಗ ಕಿರ್ ಎನ್ನುವುದು ಕೇಳಿಸಿತು. ನೀನು ಬಟ್ಟಲಿನಲ್ಲಿ ಚಮಚ ಅಲ್ಲಾಡಿಸಿದ್ದು ಕೇಳಿಸಿತು. ಕೆಳಗೆ ಯಾರೋ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದ ಸದ್ದೂ ಕೇಳಿಸಿತು. ನೀನು ನನ್ನನ್ನು ಕಂಡೆ, ಕೈ ಎತ್ತಿದೆ, ಕೂಡಲೇ ಸೆರಗನ್ನು ಕುತ್ತಿಗೆಗೆ ಎಳೆದುಕೊಂಡೆ. ಹೇಗಿದ್ದೀಯೇ ಎಂದೆ. ದೊಡ್ಡವಳು, ‘ಅಮ್ಮ ಚೆನ್ನಾಗಿದೀನಿ ಅಂತಿದಾಳೆ ಅಪ್ಪಾ, ಲೈನ್ ಸರಿ ಇಲ್ಲ, ನಿಮಗೆ ಕೇಳಿಸ್ತಿಲ್ಲ’ ಎಂದಳು. ಲೈನು ನನ್ನ ಎದುರಿಗೇ ಎಲ್ಲ ದೀಪಗಳನ್ನೂ ಉರಿಸಿಕೊಂಡು ಕೂತಿತ್ತು. ಚಮಚವನ್ನು ತಂದು ಮುಟ್ಟಿಸಿದ ಲೈನು ನಿನ್ನ ಮಾತನ್ನು ಮಾತ್ರ ದಾರಿಯಲ್ಲಿ ಚೆಲ್ಲಿತೇ? ಹೂಂ ಎಂದೆ. ಫೋನು ಇಟ್ಟೆ.

ಮೇಲೆ ನಾಲ್ಕನೆಯ ಕಲಮಿನಲ್ಲಿ ಜಾಗ ಖಾಲಿ ಬಿಟ್ಟಿರುವುದು ಈ ಕಾರಣಕ್ಕೆ. ದೊಡ್ಡವಳಿಗೆ, ಅಳಿಯನಿಗೆ ನನ್ನ ಆಶೀರ್ವಾದಗಳನ್ನು ತಲುಪಿಸುವುದು. ನಿನ್ನ ದೇಹಕ್ಕೆ ಶಕ್ತಿ ಬರಲಿ, ಬೇಗನೆ ಮನೆಯ ಮೆಟ್ಟಿಲು ಹತ್ತುವಂತಾಗಲಿ ಎಂದು ಹಾರೈಸುತ್ತೇನೆ.

ಇತಿ ನಿನ್ನವನು,
(ಸಹಿ)
ಅರಿಕೆದಾರ

ಸಹಿಯ ಕೆಳಗೆ ಸೇರಿಸಿದ್ದು:

ದೊಡ್ಡವಳೇ, ಈ ಲಕೋಟೆ ಮೊದಲು ನಿನ್ನ ಕೈಗೇ ಸಿಗುವುದು, ನೀನು ಒಡೆದು ಓದದೆ ಬಿಡುವವಳಲ್ಲ ಎಂಬುದು ನನಗೆ ತಿಳಿದಿದೆ. ಓದಿದ್ದು ಸಾಕು. ಇಲ್ಲಿಂದ ಮುಂದಿನದನ್ನು ಅಮ್ಮನ ಕೈಗೆ ಕೊಟ್ಟು ಕೋಣೆಯಿಂದ ಆಚೆ ಹೋಗು.

ಇವಳೇ, ಪತ್ರ ಮುಗಿಸಿ, ಟೈಲರಮ್ಮನ ಮೇಲಿನ ಅರ್ಜಿಯನ್ನು ಹಿಂತೆಗೆದುಕೊಂಡಿದ್ದೇನೆಂದು ಹೇಳಲು ಬೆಳಗ್ಗೆಯೇ ಕೆಳಗೆ ಹೋಗಿದ್ದೆ. ಇದನ್ನು ಬರೆಯುವಾಗ ಸಂಜೆಯಾಗಿದೆ. ಮೇಜಿನ ತುಂಬ ತೆಳುವಾದ ಬಿಳಿಯ ಬಟ್ಟೆಯ ತುಂಡುಗಳು, ಮೂಲೆಗೆ ಕಟ್ಟುವ ದಾರ. ನಿನ್ನೆ ಸೆರಗು ಎಳೆದುಕೊಳ್ಳುವ ಮುನ್ನ ನಿನ್ನ ಕುತ್ತಿಗೆಯಲ್ಲಿ ಕಂಡದ್ದು ಅದೇ. ನನ್ನನ್ನು ಕಂಡು ಆಕೆ ಅವುಗಳ ಮೇಲೆ ಯಾರದೋ ಪ್ಯಾಂಟನ್ನು ಎಳೆದಳು. ನಾನು ನಿಂತೇ ಇದ್ದೆ. ಕೊನೆಗೆ ಆಕೆಯೇ, ‘ಗಂಟಲಲ್ಲಿ ಉಸಿರಿಗೆ ತೂತು ಮಾಡಿದಾರಂತೆ, ಅದಕ್ಕೆ ಮುಚ್ಚೋಕೆ. ಧ್ವನಿಪೆಟ್ಟಿಗೇನೇ ತೆಗೆದುಬಿಟ್ರಂತೆ ಯಜಮಾನ್ರೇ. ಇನ್ನು ಮಾತು ಬರಲ್ವಂತೆ. ನಿಮಗೆ ಹೇಳ್ಬಾರ್ದು ಅಂತ ಅಮ್ಮಾವ್ರೇ ಆಣೆ ಹಾಕಿಸಿದಾರೆ, ನಿಮಗೆ ತಾಳೋಕಾಗಲ್ಲ ಅಂತ’ ಎಂದು ಅತ್ತಳು. ಅಳುವ ಹೆಂಗಸಿಗೆ ನಾನು ಏನು ಹೇಳಲಿ, ಅರ್ಜಿ ವಜಾ ಆಗಿದೆ ಎಂದಷ್ಟೇ ಹೇಳಿ ಬಂದೆ. ಚಿಕ್ಕವನಿಗೆ ಇನ್ನೂ ಹೇಳಿಲ್ಲ. ಅವನು ಡಿಪೋದಿಂದ ಬಂದು ನನ್ನ ಪಕ್ಕದಲ್ಲೇ ಮೋಡೆಮಿಗೆ ನಿಜವಾಗಿಯೂ ಧೂಳು ಒರೆಸುತ್ತಿದ್ದಾನೆ.

ನನಗೆ ಕೋಪ ಬಂದಿದೆ. ಆ ಕಪ್ಪು ಪೆಟ್ಟಿಗೆ ಸಹ ವೇಗ ಇಳಿಸುವ ಮುನ್ನ ಈ ತುದಿಯನ್ನು ಕೇಳುತ್ತದೆ, ಎಷ್ಟು ತಾಳುತ್ತೀ ಎಂದು. ನೀವು ಯಾರೂ ನನ್ನನ್ನು ಕೇಳಲಿಲ್ಲ. ತಾಳುತ್ತೇನೆ. ಬೆಳಗಿನಿಂದ ತಾಳಿದ್ದೇನೆ, ನೋಡು, ಅಕ್ಷರ ನೆಟ್ಟಗೇ ಇದೆ.

ಈ ಮನೆಯಲ್ಲಿ ಬರೆಯುವುದು ನನ್ನ ಪಾಲಿಗೆ, ಮಾತಾಡುವುದು ನಿನ್ನ ಪಾಲಿಗೆ ಎಂದು ಹಂಚಿಕೆಯಾಗಿತ್ತು. ನನ್ನ ಅಕ್ಷರದ ಮುಂದೆ ತನ್ನದೇನು ಎಂದು ನೀನು ಹಾಲಿನವನ ಲೆಕ್ಕವನ್ನೂ ಕ್ಯಾಲೆಂಡರಿನ ಹಿಂಬದಿಗೆ, ಯಾರಿಗೂ ಕಾಣದಂತೆ ಬರೆಯುತ್ತಿದ್ದೆ. ನಾನು ಕದ್ದು ಓದುತ್ತಿದ್ದೆ. ದುಂಡಗೆ, ಒಂದರ ಮೇಲೊಂದು ಹತ್ತಿ ಕೂತ ಅಕ್ಷರಗಳು. ಅವು ಮಾತಾಡಿದಂತೆಯೇ ಇರುತ್ತವೆ. ಆದ್ದರಿಂದ ಐದನೆಯ ಕಲಮಿನ ಕೋರಿಕೆ ಇದು: ಇನ್ನು ಮೇಲೆ ದೊಡ್ಡವಳ ಮೂಲಕ ಉತ್ತರ ಬೇಡ. ನೀನೇ ಬರೆ. ಒಂದು ಸಾಲಾದರೂ ಸರಿ, ಬೈಗುಳವಾದರೂ ಸರಿ. ಎಷ್ಟು ನಿಧಾನವಾದರೂ ಸರಿ. ನಾನು ತಿದ್ದುವುದಿಲ್ಲ. ಮೊದಲ ಪದ ಯಾವುದಿರಬೇಕೆಂದು ನಿನಗೆ ಗೊತ್ತು.

ಸಹಿಯ ಕೆಳಗೆ ಸೇರಿಸಿದ್ದಕ್ಕೆ ಮತ್ತೆ ಸಹಿ ಬೇಕಾಗುತ್ತದೆ.

(ಸಹಿ)
ನಿನ್ನ ಗಂಡ

ಅಡಕ:
೧. ನನ್ನ ವಿಳಾಸ ಬರೆದು ಅಂಚೆಚೀಟಿ ಅಂಟಿಸಿದ ಲಕೋಟೆ.
೨. ಬಿಳಿ ಹಾಳೆಗಳು, ಎರಡು ಬದಿಗೂ ಬರೆಯಬಹುದಾದವು.
೩. ಪೆನ್ಸಿಲ್ ಒಂದು, ಚೂಪು ಮಾಡಿದ್ದು. ರಬ್ಬರ್ ಇಟ್ಟಿಲ್ಲ.